ಕೊಡಗಿನ ಮಳೆಗೆ ವೆಟ್ ಚೈನ್ ಲೂಬ್: ಕೆಲವು ಮಳೆಗಾಲ ಬಳಸಿದ ಮೇಲೆ

ಬಾಟಲಿಯ ಮೇಲೆ ‘ಎಲ್ಲ ಹವೆಗೂ ಸೂಕ್ತ’ ಎಂದು ಅಚ್ಚಾಗಿರುವ, ಸೈಕಲ್ ಚೈನಿಗೆ ಹಾಕುವ ಎಣ್ಣೆಗಳನ್ನು, ಅಂದರೆ ಚೈನ್ ಲೂಬ್‌ಗಳನ್ನು ಕೊಡಗಿನಲ್ಲಿ ಸೈಕಲ್ ತುಳಿಯುವವರು ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಡಿಕೇರಿ ಮಳೆ ಆ ‘ಎಲ್ಲ’ದರೊಳಗೆ ಸೇರಿಲ್ಲ. ನಾನು ಮೂರ್ನಾಡಿನಿಂದ ಮಡಿಕೇರಿಗೆ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗಿಬರುವವನು. ಅಂಥದೊಂದು ಲೂಬ್ ರಾತ್ರಿ ಹಾಕಿ ಬೆಳಿಗ್ಗೆ ಹೊರಟರೆ, ಜಡಿಮಳೆಯ ದಿನ ಪೇಟೆ ಮುಟ್ಟುವ ಮೊದಲೇ ಚೈನು ಕಿರಕಿರ ಅನ್ನುತ್ತಿತ್ತು. ಮರುದಿನ ನೋಡಿದರೆ ಚೈನಿನ ಪಟ್ಟಿಗಳ ಮೇಲೆ ಕೆಂಪು ತುಕ್ಕು. ದುಡ್ಡು ಕೊಟ್ಟ ವಸ್ತು ಅರ್ಧ ದಾರಿಗೇ ಕೈಕೊಟ್ಟರೆ ಸಿಟ್ಟು ಬಾರದೆ ಇರುತ್ತದೆಯೇ?

ಇಲ್ಲಿ ಮಳೆಯೊಂದೇ ತೊಂದರೆಯಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ 30 ಕಿ.ಮೀ. ಆಸುಪಾಸು. ಮೇಲೆ ಮಂಜು, ಜಿಟಿಜಿಟಿ ಮಳೆ; ಸುಂಟಿಕೊಪ್ಪ ದಾಟಿ ಆನೆಕಾಡಿನ ಕಡೆ ಇಳಿಯುವಷ್ಟರಲ್ಲಿ ರಸ್ತೆ ಒಣಗಿರುತ್ತದೆ; ಕುಶಾಲನಗರದಲ್ಲಿ ಬಿಸಿಲು. ಅದೇ ಪಶ್ಚಿಮಕ್ಕೆ, ಭಾಗಮಂಡಲದ ಕಡೆ ತಿರುಗಿದರೆ ಮಳೆ ಇನ್ನೂ ಜೋರು. ಹಾಗಾಗಿ ‘ಕೊಡಗಿಗೆ ಯಾವ ಲೂಬ್ ಒಳ್ಳೆಯದು’ ಎಂದು ಯಾರಾದರೂ ಕೇಳಿದರೆ, ಕೊಡಗಿನಲ್ಲಿ ಎಲ್ಲಿ, ಯಾವ ತಿಂಗಳು ಎಂದು ನಾನು ಮೊದಲು ಕೇಳುತ್ತೇನೆ.

ಆಮೇಲೆ ತರಿಸಿದ್ದು ವೆಟ್ ಲೂಬ್. ಜೇನಿಗಿಂತ ಸ್ವಲ್ಪ ತೆಳು, ಬೆರಳಿಗೆ ಅಂಟುವ ಎಣ್ಣೆ. ಡ್ರೈ ಲೂಬ್‌ನಲ್ಲಿ ಮೇಣವೋ ಟೆಫ್ಲಾನೋ ತೆಳುವಾದ ದ್ರಾವಕದಲ್ಲಿ ಬೆರೆತು ಬರುತ್ತದೆ. ದ್ರಾವಕ ಆರಿದ ಮೇಲೆ ಒಣ ಪದರ ಉಳಿಯುತ್ತದೆ, ಸತತ ಮಳೆಗೆ ಆ ಪದರ ತೊಳೆದುಹೋಗುತ್ತದೆ. ವೆಟ್ ಲೂಬ್ ಹಾಗಲ್ಲ, ಎಣ್ಣೆಯಾಗಿಯೇ ಒಳಗೆ ಕೂರುತ್ತದೆ. ಕೊಡವರ ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಅದನ್ನು ಹಾಕಿಕೊಂಡು ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಏರು ಹತ್ತಿದ್ದೆ. ರಸ್ತೆಯ ಮೇಲೆ ನೀರು ಹರಿಯುತ್ತಿತ್ತು, ಮುಂದಿನ ಚಕ್ರ ಚೈನಿಗೇ ನೀರು ಎರಚುತ್ತಿತ್ತು. ಅಷ್ಟಾದರೂ ಕೆಳಗಿನಿಂದ ಒಂದು ಸದ್ದಿಲ್ಲ. ಏರಿನಲ್ಲಿ ಉಸಿರು ಕಟ್ಟಿಕೊಂಡು ತುಳಿಯುವವನಿಗೆ ಆ ಮೌನ ಎಷ್ಟು ದೊಡ್ಡ ಸಮಾಧಾನವೆಂದು ತುಳಿದವರಿಗೇ ಗೊತ್ತು. ಕಿರಕಿರ ಅನ್ನುವ ಚೈನಿನ ಮೇಲೆ ಕಾಲಿಗೆ ಬಲ ಬಂದರೂ ಮನಸ್ಸಿಗೆ ಬಲ ಬರುವುದಿಲ್ಲ.

ಬೇರೆ ವಿಮರ್ಶೆಗಳಲ್ಲಿ ಹಾಕುವ ವಿಧಾನವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಅರ್ಧ ಗುಣ ಬಾಟಲಿಯದು, ಅರ್ಧ ಹಾಕುವ ಕೈಯದು. ಊಟ ಮುಗಿಸಿ, ಸೈಕಲ್ಲನ್ನು ಜಗಲಿಗೆ ತಂದು ತಲೆಕೆಳಗಾಗಿ ನಿಲ್ಲಿಸದೆ ಗೋಡೆಗೆ ಒರಗಿಸುತ್ತೇನೆ. ಮೊದಲು ಹಳೆ ಬನಿಯನ್ ತುಂಡಿನಲ್ಲಿ ಚೈನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತ ಕೆಸರು, ನೀರು ಎರಡನ್ನೂ ತೆಗೆಯುವುದು. ಒದ್ದೆ ಚೈನಿಗೆ ಎಣ್ಣೆ ಬಿಟ್ಟರೆ ನೀರು ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಯಾವುದೂ ತಾನಾಗಿ ಒಣಗುವುದಿಲ್ಲ, ಅದಕ್ಕೆ ಬನಿಯನ್ ತುಂಡುಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಮೊದಲೇ ಹಾಕಿಟ್ಟಿರುತ್ತೇನೆ. ಬಿಸಿ ಬಟ್ಟೆಗೆ ನೀರು ಬೇಗ ಬಿಟ್ಟುಕೊಡುತ್ತದೆ.

ಆಮೇಲೆ ಮಾಸ್ಟರ್ ಲಿಂಕ್, ಅಂದರೆ ಚೈನಿನ ಎರಡು ತುದಿ ಜೋಡಿಸುವ ಕೊಂಡಿ, ಹುಡುಕಿ ಅಲ್ಲಿಂದ ಶುರು. ಕೆಳಗಿನ ಸಾಲಿನ ಒಳಮೈ ಮೇಲೆ, ಅಂದರೆ ಹಲ್ಲುಚಕ್ರದ ಹಲ್ಲಿಗೆ ತಾಗುವ ಕಡೆ, ಪಟ್ಟಿಗಳ ನಡುವೆ ಉರುಳುವ ಪ್ರತಿ ರೋಲರ್‌ಗೆ ಒಂದೊಂದೇ ಹನಿ. ಹನಿ ರೋಲರ್ ಮೇಲೆ ಒಂದು ಕ್ಷಣ ಗುಂಡಗೆ ನಿಂತು, ಎರಡು ಬದಿಯ ಸಂದಿಗೆ ಜಾರಿ ಮಾಯವಾಗುತ್ತದೆ. ಎಣ್ಣೆ ಬೇಕಾಗಿರುವುದು ಕೊಂಡಿಗಳನ್ನು ಜೋಡಿಸುವ ಪಿನ್ನಿಗೆ, ರೋಲರ್ ಒಳಮೈಗೆ. ಹೊರಗೆ ಕಾಣುವ ಪಟ್ಟಿಗಲ್ಲ. ಮಾಸ್ಟರ್ ಲಿಂಕ್ ಮತ್ತೆ ಬಂದಾಗ ನಿಲ್ಲಿಸಿ, ಪೆಡಲ್ ಸ್ವಲ್ಪ ಹೊತ್ತು ಹಿಂದಕ್ಕೆ ತಿರುಗಿಸಿ, ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಹೊರಡುವ ಮುಂಚೆ ಹೊರಗಿನದನ್ನೆಲ್ಲ ಒರೆಸಿ ತೆಗೆಯುವುದು. ಹಾಕಿದ್ದನ್ನು ಒರೆಸುವುದೇಕೆ ಎಂದು ಮನೆಯವರೂ ಕೇಳಿದ್ದಾರೆ. ಒಳಗೆ ಹೋದದ್ದು ಒರೆಸಿದರೆ ಬರುವುದಿಲ್ಲ. ಹೊರಗೆ ಉಳಿದದ್ದು ಮಣ್ಣು ಹಿಡಿಯುವುದಕ್ಕಷ್ಟೇ. ಬೆರಳು ಇಟ್ಟರೆ ತೆಳುವಾದ ಗುರುತು ಮಾತ್ರ ಬರಬೇಕು. ಕಪ್ಪಗೆ ಮೆತ್ತಿಕೊಂಡರೆ ಇನ್ನೊಂದು ಸಲ ಒರೆಸಬೇಕು.

ಇಲ್ಲಿಯವರೆಗೆ ಹೊಗಳಿದೆ. ಡಿಸೆಂಬರ್ ಬಂದರೆ ಇದೇ ಲೂಬ್ ನನಗೆ ಸಾಕಪ್ಪಾ ಅನ್ನಿಸುತ್ತದೆ. ಕಾಫಿ ಕೊಯ್ಲು ಶುರುವಾದ ಮೇಲೆ ತೋಟದ ದಾರಿಗಳಲ್ಲಿ ಜೀಪು, ಟ್ರ್ಯಾಕ್ಟರ್ ಓಡಾಡಿ ಕೆಂಪು ಮಣ್ಣು ಹಿಟ್ಟಾಗಿರುತ್ತದೆ. ವೆಟ್ ಲೂಬ್‌ನ ಅಂಟುಗುಣ ಮಳೆಯಲ್ಲಿ ವರ, ಧೂಳಿನಲ್ಲಿ ಶಾಪ. ನಾಪೋಕ್ಲು ಕಡೆ ಒಂದು ಸುತ್ತು ಹೋಗಿಬಂದರೆ ಹಲ್ಲುಗಳ ನಡುವೆ ಕಪ್ಪು ಮುದ್ದೆ ಕಟ್ಟಿರುತ್ತದೆ. ಎಣ್ಣೆ ಕಲೆಸಿದ ಆ ಧೂಳು ಪಿನ್ನನ್ನೂ ರೋಲರನ್ನೂ ಉಜ್ಜಿ ಸವೆಸುತ್ತದೆ. ಪ್ಯಾಂಟಿನ ಬಲಗಾಲಿಗೆ ಬಿದ್ದ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಚೈನು ತೊಳೆಯಲು ಡೀಸೆಲ್, ಬ್ರಷ್, ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು. ರಜೆಯ ದಿನದ ಬೆಳಿಗ್ಗೆ ಪೂರ್ತಿ ಅದಕ್ಕೇ ಹೋಗುತ್ತದೆ.

ಅದಕ್ಕೆ ಕೊಯ್ಲಿನ ತಿಂಗಳುಗಳಿಗೆ ಹನಿಹನಿಯಾಗಿ ಬಿಡುವ ಮೇಣದ ಲೂಬ್ ಬೇರೆ ಇಟ್ಟಿದ್ದೇನೆ. ಹಾಲಿನಂತೆ ಬೆಳ್ಳಗಿರುತ್ತದೆ, ನೀರಿನಂಶ ಆರಿದ ಮೇಲೆ ಮೇಣ ಉಳಿಯುತ್ತದೆ, ಧೂಳು ಅಂಟದೆ ಉದುರುತ್ತದೆ. ಇದಕ್ಕೆ ಚೈನು ಒಳಗೂ ಹೊರಗೂ ಸ್ವಚ್ಛವಾಗಿರಬೇಕು. ಹಳೆ ಎಣ್ಣೆ, ಹೊಸ ಚೈನಾದರೆ ಕಾರ್ಖಾನೆಯಲ್ಲೇ ಹಾಕಿದ ಗ್ರೀಸ್, ಎರಡರ ಮೇಲೂ ಮೇಣ ನಿಲ್ಲುವುದಿಲ್ಲ. ಆಷಾಢದ ತೇವದಲ್ಲಿ ಇದನ್ನು ಹಾಕಿದರೆ ಬೆಳಗಾದರೂ ಆರುವುದಿಲ್ಲ, ಕೈಗೆ ಬೆಳ್ಳಗೆ ಮೆತ್ತುತ್ತದೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ತೋಟದವರೆಲ್ಲ ಖುಷಿಯಲ್ಲಿರುತ್ತಾರೆ. ನಾನೂ ಆ ಹೂವಿನ ಮಲ್ಲಿಗೆಯಂಥ ಪರಿಮಳಕ್ಕಾಗಿ ಕಾಯುವವನೇ, ಆದರೆ ಅವತ್ತು ನೆನೆದು ಬಂದರೆ ಚೈನು ಒರೆಸಿ, ಮೇಣ ಮತ್ತೆ ಹಾಕದೆ ಮಲಗುವ ಹಾಗಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ನನ್ನದು ಸಾಧಾರಣ 8 ಗೇರಿನ ಹೈಬ್ರಿಡ್ ಸೈಕಲ್, ತಿಂಗಳ ಸಂಬಳದಲ್ಲಿ ಲೆಕ್ಕ ಹಾಕಿ ಬದುಕುವ ಮನೆ. ಚೈನು ರಿಪೇರಿಗೆ ಕೊಟ್ಟಾಗ ಅಂಗಡಿಯಾತ ಹೇಳಿದ, ‘ಇದಕ್ಕೆಲ್ಲ ಅಷ್ಟು ದುಡ್ಡು ಯಾಕೆ ಸಾರ್, ಒಂಚೂರು ಇಂಜಿನ್ ಆಯಿಲ್ ಬಿಟ್ರೆ ಆಯ್ತಲ್ಲ?’ ಆತನ ಮಾತಿನಲ್ಲಿ ಸತ್ಯವಿದೆ. ಗೇರಿಲ್ಲದ ಸೈಕಲ್ಲಿಗೆ ಮಳೆಯಲ್ಲಿ ಹೊಸ ಇಂಜಿನ್ ಆಯಿಲ್ ನಡೆಯುತ್ತದೆ. ‘ಹೊಸದಾದ್ರೆ ಸರಿ ಅಣ್ಣ, ಬೈಕಿಂದ ಇಳಿಸಿದ್ದು ಮಾತ್ರ ಬೇಡ’ ಎಂದೆ, ಏಕೆಂದರೆ ಅದರಲ್ಲಿ ಲೋಹದ ಪುಡಿ, ಮಸಿ ಎರಡೂ ಇರುತ್ತವೆ. ಡಬ್ಲ್ಯೂಡಿ-40 ಎಂಬ ಸ್ಪ್ರೇಯ ಮಾಮೂಲಿ ಡಬ್ಬಿ ನೀರು ಓಡಿಸಲು, ಹಿಡಿದ ತುಕ್ಕು ಬಿಡಿಸಲು ಒಳ್ಳೆಯದು; ಚೈನಿಗೆ ಎಣ್ಣೆಯಾಗಿ ನಿಲ್ಲುವಷ್ಟು ದಪ್ಪ ಅದಕ್ಕಿಲ್ಲ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ಲೂಬ್ ಕೆಲಸ ಮಾಡುತ್ತಿದೆಯೇ ಎಂದು ನೋಡಲು ನನ್ನ ಹತ್ತಿರ ಒಂದಡಿಯ ಸ್ಟೀಲ್ ಸ್ಕೇಲಿದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಅದರ ಮುಂದಿನ 24ನೇ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು. ಒಂದೂವರೆ ಮಿಲಿಮೀಟರ್ ಹೆಚ್ಚಿಗೆ ಬಂದರೆ ಹೊಸ ಚೈನು ಹುಡುಕುವ ಹೊತ್ತು; ಮೂರು ದಾಟಿದರೆ ಹಿಂಚಕ್ರದ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ಟೂ ಸವೆದಿದೆಯೆಂದೇ ಲೆಕ್ಕ, ಅದು ಚೈನಿಗಿಂತ ದುಬಾರಿ. ವೆಟ್ ಲೂಬ್ ಬಂದ ಮೇಲೆ ನನ್ನ ಚೈನು ಮಳೆಗಾಲ ಮುಗಿಸಿಯೂ ಆ ಗೆರೆಯೊಳಗೇ ಉಳಿಯುತ್ತಿದೆ. ಬಾಟಲಿಗೆ ಕೊಟ್ಟ ಹಣ ನನಗೆ ಭಾರವೆನ್ನಿಸದಿರುವುದು ಇದಕ್ಕೇ.

ಮಡಿಕೇರಿ, ಭಾಗಮಂಡಲ, ಕಕ್ಕಬೆ ಕಡೆಯವರು ಮೇ ಕೊನೆಗೇ ವೆಟ್ ಲೂಬ್ ತರಿಸಿಟ್ಟುಕೊಳ್ಳಿ. ಹನಿಹನಿಯಾಗಿ ಹಾಕಿದರೆ 60 ಮಿ.ಲೀ. ಬಾಟಲಿಯೇ ಬಹಳ ಕಾಲ ಬರುತ್ತದೆ, ದೊಡ್ಡದು ಬೇಕಿಲ್ಲ. ಕುಶಾಲನಗರದ ಕಡೆಯೇ ತುಳಿಯುವವರು ವರ್ಷದ ಬಹುಪಾಲು ಮೇಣದಲ್ಲೇ ಕಳೆಯಬಹುದು. ಡಿಸ್ಕ್ ಬ್ರೇಕ್ ಇದ್ದರೆ ಸ್ಪ್ರೇ ಡಬ್ಬಿ ಮುಟ್ಟಬೇಡಿ: ಡಿಸ್ಕಿಗೆ ಎಣ್ಣೆ ಹಾರಿದರೆ ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ.