ಔಟ್‌ಬೋರ್ಡ್ ಎಂಜಿನ್ ಸೀಮೆಎಣ್ಣೆ ಹೆಚ್ಚು ಕುಡಿಯುತ್ತಿದೆಯೇ? ಜೆಟ್‌ಗೆ ಕೈ ಹಾಕುವ ಮೊದಲು ಎರಡೂ ಪ್ಲಗ್ ಬಿಚ್ಚಿ ನೋಡಿ

ಗಂಗೊಳ್ಳಿ ಅಳಿವೆಯ ಹೊರಗೆ ನಾಡದೋಣಿಯಲ್ಲಿ ಮೀನು ಹಿಡಿದು ಬದುಕುವ ಕುಟುಂಬ ನಮ್ಮದು. ಕಳೆದ ಮಳೆಗಾಲದಲ್ಲಿ ನಮ್ಮ 9.9 ಅಶ್ವಶಕ್ತಿಯ ಸೀಮೆಎಣ್ಣೆ ಎಂಜಿನ್ ಇದ್ದಕ್ಕಿದ್ದಂತೆ ಹೆಚ್ಚು ಎಣ್ಣೆ ಕುಡಿಯತೊಡಗಿತು. ಕಾರಣವನ್ನು ಹುಡುಕದೆ ಸುಲಭದ ಉಪಾಯವೊಂದನ್ನು ಒಪ್ಪಿಕೊಂಡಿದ್ದರಿಂದ ಒಂದು ಪಿಸ್ಟನ್ ಹಾಳಾಯಿತು, ಐದು ಜನ ಅಳಿವೆಯ ಹತ್ತಿರ ಎಂಜಿನ್ ಇಲ್ಲದೆ ಸಿಕ್ಕಿಕೊಂಡೆವು, ಅದಕ್ಕೂ ಮೊದಲು ನಾನು ಮನೆಯ ಹುಡುಗನ ಮೇಲೆ ಹೊರಿಸಬಾರದ ಅಪವಾದ ಹೊರಿಸಿದೆ. ಇದೇ ಬಗೆಯ ಎಂಜಿನ್ ನಂಬಿಕೊಂಡು ಕಡಲಿಗೆ ಇಳಿಯುವವರು ನೂರಾರು ಜನ ಇದ್ದಾರೆ. ಅವರಲ್ಲಿ ಒಬ್ಬರಿಗೂ ಈ ಪಾಡು ಬರಬಾರದೆಂದು ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಕಡಲು ಬಂದ್. ನಮ್ಮಂಥ ಸಣ್ಣ ಎಂಜಿನ್ನಿನ ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಗಾಳಿ ತಗ್ಗಿದ ದಿನ ಮಾತ್ರ ಇಳಿಯಲು ಸಾಧ್ಯವಾಗುವುದರಿಂದ, ಇಳಿದ ದಿನ ಸಿಕ್ಕ ಬಂಗುಡೆಯ ಹಣದಲ್ಲಿ ಸೀಮೆಎಣ್ಣೆಗೆ ಎಷ್ಟು ಹೋಯಿತು ಎಂಬುದರ ಮೇಲೆ ಎಲ್ಲರ ಪಾಲು ನಿಲ್ಲುತ್ತದೆ.

ನಮ್ಮ ಎಂಜಿನ್ನಿಗೆ ಆಗ ಏಳು ವರ್ಷ. ಎರಡು ಸಿಲಿಂಡರ್, ಎರಡಕ್ಕೂ ಸೇರಿ ಗಾಳಿಗೆ ಎಣ್ಣೆ ಬೆರೆಸಿ ಕೊಡುವ ಒಂದೇ ಕಾರ್ಬ್ಯುರೇಟರ್, ಟೂ ಸ್ಟ್ರೋಕ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಪದ್ಧತಿ. ಮಾಮೂಲು ಜಾಗಕ್ಕೆ ಹೋಗಿ ಬರಲು ಹದಿನಾಲ್ಕು ಲೀಟರ್ ಸಾಕಾಗುತ್ತಿತ್ತು. ಜೂನ್ ಕೊನೆಯ ಹೊತ್ತಿಗೆ ಅದೇ ಜಾಗಕ್ಕೆ ಇಪ್ಪತ್ತು, ಇಪ್ಪತ್ತೊಂದು ಲೀಟರ್ ಹೋಗತೊಡಗಿತು. ಹೊಗೆ ದಟ್ಟವಾಗಿತ್ತು, ನಿಧಾನದಲ್ಲಿ ಎಂಜಿನ್ ಮುಗ್ಗರಿಸುತ್ತಿತ್ತು, ದೋಣಿಯ ಹಿಂದೆ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪೊರೆ ಹರಡುತ್ತಿತ್ತು. ಸುಡದ ಎಣ್ಣೆ ಹಾಗೆಯೇ ಹೊರಗೆ ಹೋಗುತ್ತಿದೆ ಎಂದು ಆ ಪೊರೆಯೇ ಹೇಳುತ್ತಿತ್ತು. ನನಗೆ ಅದನ್ನು ಓದಲು ಬರಲಿಲ್ಲ.

ನನ್ನ ಕಣ್ಣು ಹೋದದ್ದು ಕ್ಯಾನ್ ತುಂಬಿಸುತ್ತಿದ್ದ ಅಕ್ಕನ ಮಗನ ಕಡೆಗೆ. ಸಹಾಯಧನದ ಸೀಮೆಎಣ್ಣೆಗೆ ಹೊರಗೆ ಒಳ್ಳೆಯ ಬೆಲೆ ಇದೆ, ಹುಡುಗ ಎಲ್ಲಿಯೋ ಮಾರುತ್ತಿರಬೇಕು ಎಂದು ಅನುಮಾನ ಬಂತು. ದೋಣಿಯವರೆಲ್ಲರ ಎದುರಿನಲ್ಲಿಯೇ ಕೇಳಿಬಿಟ್ಟೆ. "ಒಂದು ತೊಟ್ಟೂ ಮುಟ್ಟಲಿಲ್ಲ ಮಾವ" ಎಂದವನು ಎರಡು ದಿನ ದೋಣಿಗೆ ಬರಲಿಲ್ಲ. ಎಣ್ಣೆ ಅಳೆದು ಹಾಕಿ, ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಎಂಜಿನ್ ಓಡಿಸಿದ್ದರೆ ಸಾಕಿತ್ತು, ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಆಮೇಲೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆವು. ಪ್ರತಿ ಸಿಲಿಂಡರಿಗೂ ಕಿಡಿ ಕೊಡುವ ಪ್ಲಗ್ ಒಂದೊಂದು ಇರುತ್ತದೆ, ಅವರು ಮೇಲಿನದೊಂದನ್ನು ಮಾತ್ರ ಬಿಚ್ಚಿದರು. ಅದು ಕಪ್ಪಗೆ, ಎಣ್ಣೆಯಲ್ಲಿ ಅದ್ದಿ ತೆಗೆದಂತೆ ಒದ್ದೆಯಾಗಿತ್ತು. ಕಾರ್ಬ್ಯುರೇಟರ್ ಹೆಚ್ಚು ಎಣ್ಣೆ ಬಿಡುತ್ತಿದೆ ಎಂದು ತೀರ್ಮಾನಿಸಿ, ಅದರೊಳಗೆ ಎಣ್ಣೆ ಎಷ್ಟು ಹರಿಯಬೇಕೆಂದು ನಿರ್ಧರಿಸುವ ತೂತಿನ ತುಂಡಾದ ಮುಖ್ಯ ಜೆಟ್ ತೆಗೆದು, ಅದಕ್ಕಿಂತ ಸಣ್ಣ ತೂತಿನದನ್ನು ಹಾಕಿದರು. ಹೊಗೆ ಕಡಿಮೆಯಾಗಲೆಂದು ಸೀಮೆಎಣ್ಣೆಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲ್ ಅನ್ನೂ ಇಳಿಸಲು ಹೇಳಿದರು. ಮರುದಿನ ಹೊಗೆ ಕಡಿಮೆಯಾಯಿತು, ಎರಡು ಮೂರು ಲೀಟರ್ ಉಳಿಯಿತು ಕೂಡ. ಕೆಲಸ ಚೆನ್ನಾಯಿತೆಂದು ಸಂತೋಷಪಟ್ಟೆವು. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹೆಚ್ಚಾದ ಎಣ್ಣೆ ಯಾವ ದಾರಿಯಿಂದ ಹೋಗುತ್ತಿದೆ ಎಂದು ಗೊತ್ತಾಗುವ ಮೊದಲು ಜೆಟ್ ಸಣ್ಣದು ಮಾಡಲು ಯಾರಿಗೂ ಬಿಡಬೇಡಿ. ಆಯಿಲ್ ಕಡಿಮೆ ಮಾಡಲಂತೂ ಒಪ್ಪಲೇಬೇಡಿ. ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೂ ಬೇರಿಂಗಿಗೂ ಜಾರು ಸಿಗುವುದು ಆ ಮಿಶ್ರಣದಿಂದ ಮಾತ್ರ, ಬೇರೆ ಆಯಿಲ್ ಅಲ್ಲಿಗೆ ಹೋಗುವುದಿಲ್ಲ.

ನಾಲ್ಕನೆಯ ದಿನ ಮೀನು ತುಂಬಿಕೊಂಡು ಮರಳುವಾಗ, ಅಳಿವೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಎಂಜಿನ್ನಿನ ಧ್ವನಿ ಬಿಗಿಯಾಯಿತು. ಯಾರೋ ಒಳಗಿನಿಂದ ಹಿಡಿದುಕೊಂಡಂತೆ ವೇಗ ಇಳಿಯಿತು, ಆಮೇಲೆ ನಿಂತೇ ಹೋಯಿತು. ಹಗ್ಗ ಎಳೆದರೆ ಅಲುಗಲಿಲ್ಲ, ಇಬ್ಬರು ಸೇರಿ ಎಳೆದರೂ ಬರಲಿಲ್ಲ. ಐದು ನದಿಗಳ ನೀರು ಮಳೆಗಾಲದ ರಭಸದಲ್ಲಿ ಹೊರಗೆ ನುಗ್ಗುವ ಜಾಗ ಅದು, ಎದುರಿನಿಂದ ತೆರೆ ಮಗುಚುತ್ತಿರುತ್ತದೆ. ದೋಣಿಯ ಭಾರ ತಗ್ಗಿಸಲು ಅರ್ಧ ಮೀನನ್ನು ನೀರಿಗೆ ಚೆಲ್ಲಿ, ಹುಟ್ಟು ಹಾಕಿ ದೋಣಿಯ ಮೂತಿಯನ್ನು ತೆರೆಗೆ ನೇರವಾಗಿ ಹಿಡಿದುಕೊಂಡೆವು. ಹುಡುಗ ಅಷ್ಟರಲ್ಲಿ ಮರಳಿ ಬಂದಿದ್ದ, ನನ್ನ ಪಕ್ಕದಲ್ಲಿಯೇ ಹುಟ್ಟು ಹಾಕುತ್ತಿದ್ದ. ಮುಕ್ಕಾಲು ಗಂಟೆಯ ನಂತರ ಮತ್ತೊಂದು ನಾಡದೋಣಿಯವರು ನೋಡಿ ಹಗ್ಗ ಎಸೆದು ನಮ್ಮನ್ನು ಎಳೆದು ತಂದರು. ಅವರ ಋಣ ದೊಡ್ಡದು.

ಎಂಜಿನ್ ಬಿಚ್ಚಿದವರು ಹೊನ್ನಾವರದ ಕಡೆಯ ಹಿರಿಯ ಮೆಕ್ಯಾನಿಕ್. ಅವರು ಮೊದಲು ಎರಡೂ ಪ್ಲಗ್ ತೆಗೆದು ಅಂಗೈಯಲ್ಲಿ ಅಕ್ಕಪಕ್ಕ ಇಟ್ಟುಕೊಂಡರು. ಮೇಲಿನದು ಕಪ್ಪು, ಒದ್ದೆ. ಕೆಳಗಿನದು ಬೂದಿ ಹತ್ತಿದ ಬಿಳಿ, ಪೂರ್ತಿ ಒಣಗಿದ್ದು. "ಕಾರ್ಬ್ಯುರೇಟರ್ ಒಂದೇ ಇರುವಾಗ ದೋಷ ಅದರದ್ದಾದರೆ ಎರಡೂ ಕಪ್ಪಾಗಬೇಕಿತ್ತಲ್ಲ, ಒಂದು ಮಾತ್ರ ಯಾಕೆ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ, ಎಂಜಿನ್ನಿನ ಬದಿಯಲ್ಲಿದ್ದ ಇಂಧನ ಪಂಪನ್ನು ಎರಡು ಬೋಲ್ಟ್ ಬಿಚ್ಚಿ ಹೊರಗೆ ತೆಗೆದರು. ಕ್ಯಾನಿನ ಪೈಪನ್ನು ಅದಕ್ಕೆ ಸಿಕ್ಕಿಸಿದಂತೆಯೇ ಬಿಟ್ಟು, ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಚುಕಲು ನನಗೆ ಹೇಳಿದರು. ಪಂಪಿನ ಬೆನ್ನಿನಲ್ಲಿ, ಎಂಜಿನ್ನಿಗೆ ಕೂರುವ ಬದಿಯಲ್ಲಿ, ಬೆಂಕಿಕಡ್ಡಿಯ ತುದಿಯಷ್ಟು ತೂತು ಇದೆ. ಮೂರನೆಯ ಸಲ ಹಿಚುಕುವಾಗ ಆ ತೂತಿನಲ್ಲಿ ಸೀಮೆಎಣ್ಣೆಯ ಹನಿ ಮೂಡಿತು, ಉಬ್ಬಿತು, ಕೆಳಗೆ ಜಾರಿತು. ಅಲ್ಲಿ ಗಾಳಿಯ ಒತ್ತಡ ಮಾತ್ರ ಇರಬೇಕು, ಎಣ್ಣೆ ಬರಲೇಬಾರದು. ಪಂಪ್ ಬಿಚ್ಚಿ ಒಳಗಿನ ಡಯಾಫ್ರಂ ಪೊರೆಯನ್ನು ಬೆಳಕಿಗೆ ಹಿಡಿದಾಗ ಅಂಚಿನ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಸೀಳು ಕಂಡಿತು. ಏಳು ವರ್ಷದಲ್ಲಿ ನಾವು ಅದನ್ನು ಒಮ್ಮೆಯೂ ಬದಲಿಸಿರಲಿಲ್ಲ, ರಬ್ಬರ್ ಗಟ್ಟಿಯಾಗಿ ಹೋಗಿತ್ತು.

ಪಿಸ್ಟನ್ ಹಿಂದೆ ಮುಂದೆ ಆಡುವಾಗ ಅದರ ಬೆನ್ನಿನ ಕಡೆಯ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿಳಿಯುತ್ತದೆ. ಆ ಏರಿಳಿತವೇ ಸಣ್ಣ ತೂತಿನ ಮೂಲಕ ಬಂದು ಪೊರೆಯನ್ನು ಅತ್ತಿತ್ತ ಕುಣಿಸುತ್ತದೆ, ಪೊರೆಯ ಮತ್ತೊಂದು ಬದಿಯಲ್ಲಿ ಎಣ್ಣೆ ಕ್ಯಾನಿನಿಂದ ಕಾರ್ಬ್ಯುರೇಟರಿಗೆ ಸಾಗುತ್ತದೆ. ಪೊರೆ ಸೀಳಿದರೆ ಎಣ್ಣೆ ಕಾರ್ಬ್ಯುರೇಟರಿಗೆ ಹೋಗದೆಯೇ ನೇರವಾಗಿ ಆ ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿಗೆ ಹೀರಲ್ಪಡುತ್ತದೆ. ನಮ್ಮದರಲ್ಲಿ ಅದು ಮೇಲಿನ ಸಿಲಿಂಡರ್. ಜೆಟ್ ಸಣ್ಣದಾದರೂ ಮೇಲಿನದಕ್ಕೆ ಕಳ್ಳದಾರಿಯಿಂದ ಎಣ್ಣೆ ಬರುತ್ತಲೇ ಇತ್ತು. ಕೆಳಗಿನ ಸಿಲಿಂಡರಿಗೆ ಇದ್ದದ್ದು ಕಾರ್ಬ್ಯುರೇಟರಿನ ದಾರಿ ಒಂದೇ, ಅದನ್ನು ನಾವು ಕಿರಿದು ಮಾಡಿದ್ದೆವು, ಜೊತೆಗೆ ಆಯಿಲನ್ನೂ ಕಡಿಮೆ ಮಾಡಿದ್ದೆವು. ಎಣ್ಣೆಯೂ ಜಾರೂ ಸಾಲದೆ ಕಾದು ಕಚ್ಚಿಕೊಂಡದ್ದು ಕೆಳಗಿನ ಪಿಸ್ಟನ್ನೇ. ಪೊರೆಯ ಕಿಟ್ಟಿಗೆ ಕೆಲವು ನೂರು ರೂಪಾಯಿ. ಪಿಸ್ಟನ್, ರಿಂಗು, ಬೋರಿಂಗ್ ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿತು. ಹನ್ನೊಂದು ದಿನದ ದುಡಿಮೆ ಹೋಯಿತು.

ಎಣ್ಣೆ ಹೆಚ್ಚು ಹೋದಾಗಲೆಲ್ಲ ಪೊರೆಯೇ ಸೀಳಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಎರಡೂ ಪ್ಲಗ್ ಒಂದೇ ಸಮನೆ ಕಪ್ಪಾಗಿದ್ದರೆ ಗಾಳಿಯ ದಾರಿ ಮುಚ್ಚುವ ಚೋಕ್ ಪೂರ್ತಿ ತೆರೆಯುತ್ತಿದೆಯೇ, ಕಾರ್ಬ್ಯುರೇಟರಿನ ಫ್ಲೋಟ್ ಸೂಜಿಯಲ್ಲಿ ಕಸ ಕೂತು ಎಣ್ಣೆ ಉಕ್ಕುತ್ತಿದೆಯೇ ಎಂದು ನೋಡಬೇಕು. ತಂಪು ನೀರಿನ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ತೆರೆದಂತೆಯೇ ಸಿಕ್ಕಿಕೊಂಡಿದ್ದರೂ ಎಂಜಿನ್ ತಣ್ಣಗೇ ಉಳಿಯುತ್ತದೆ. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲವಾದ್ದರಿಂದ ತಣ್ಣನೆಯ ಎಂಜಿನ್ನಿನಲ್ಲಿ ಅದು ಅರೆಬರೆ ಸುಟ್ಟು ಹೊರಬೀಳುತ್ತದೆ. ಅವಸರದಲ್ಲಿ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸುವವರಿಗೂ ಇದೇ ನಷ್ಟ. ಪ್ಲಗ್ ಎರಡೂ ಕಂದುಬಣ್ಣದಲ್ಲಿ ಚೆನ್ನಾಗಿದ್ದು ಎಣ್ಣೆ ಮಾತ್ರ ಹೆಚ್ಚು ಹೋಗುತ್ತಿದ್ದರೆ ಎಂಜಿನ್ ಬಿಟ್ಟು ದೋಣಿಯನ್ನು ನೋಡಿ: ಅಡಿಯಲ್ಲಿ ಚಿಪ್ಪು ಕಟ್ಟಿದೆಯೇ, ಹಲಗೆಯ ಕೆಳಗೆ ನೀರು ನಿಂತಿದೆಯೇ, ನೀರಿನಲ್ಲಿ ತಿರುಗುವ ಫ್ಯಾನಿನ (ಪ್ರೊಪೆಲ್ಲರ್) ಎಸಳು ಬಾಗಿದೆಯೇ ಅಥವಾ ಒಳಗಿನ ರಬ್ಬರ್ ಜಾರುತ್ತಿದೆಯೇ.

ಇವೆಲ್ಲಕ್ಕೂ ಮೊದಲು ಅಳತೆ ಮಾಡಿ. ಸಣ್ಣ ಕ್ಯಾನಿನಲ್ಲಿ ಐದು ಲೀಟರ್ ಅಳೆದು ಹಾಕಿ, ಅಳಿವೆಯ ಒಳಗಿನ ಶಾಂತ ನೀರಿನಲ್ಲಿ ಪೂರ್ತಿ ವೇಗದಲ್ಲಿ ಓಡಿಸಿ ಎಷ್ಟು ಹೊತ್ತು ಬರುತ್ತದೆ ಎಂದು ಬರೆದಿಡಿ. ಎಂಜಿನ್ ಸರಿಯಿರುವಾಗಲೇ ಒಮ್ಮೆ ಬರೆದಿಟ್ಟಿದ್ದರೆ ಹೋಲಿಸಲು ಆಧಾರ ಸಿಗುತ್ತದೆ. ನಮ್ಮದು ಈಗ ಹಳೆಯ ಅಳತೆಯ ಜೆಟ್ಟಿನಲ್ಲಿ, ಕೈಪಿಡಿ ಹೇಳಿದಷ್ಟು ಆಯಿಲ್ ಬೆರೆಸಿ, ಐದು ಲೀಟರಿಗೆ ಒಂದು ಗಂಟೆ ಐದು ನಿಮಿಷ ಓಡುತ್ತದೆ. ಪ್ರತಿ ಮಳೆಗಾಲದ ಮೊದಲು ಪೊರೆ ಬದಲಿಸುವುದೆಂದು ನಿಶ್ಚಯಿಸಿದ್ದೇವೆ.

ಹುಡುಗನ ಬಳಿ ಎಲ್ಲರೂ ಇರುವಾಗಲೇ ತಪ್ಪಾಯಿತೆಂದು ಹೇಳಿದೆ. ಅಪವಾದ ಹೊರಿಸಿದ್ದು ಎಲ್ಲರ ಎದುರಿನಲ್ಲಿ, ಆದ್ದರಿಂದ ಕ್ಷಮೆಯನ್ನೂ ಅಲ್ಲಿಯೇ ಕೇಳಬೇಕಿತ್ತು. ಈಗ ಕ್ಯಾನಿನ ಲೆಕ್ಕದ ಪುಸ್ತಕ ಅವನ ಕೈಯಲ್ಲಿಯೇ ಇದೆ. ಸೀಳಿದ ಆ ಪೊರೆಯನ್ನು ಅವನು ಅದೇ ಪುಸ್ತಕದ ನಡುವೆ ಇಟ್ಟುಕೊಂಡಿದ್ದಾನೆ, ದಡದಲ್ಲಿ ಯಾರಾದರೂ ಎಣ್ಣೆ ಹೆಚ್ಚು ಹೋಗುತ್ತಿದೆ ಎಂದರೆ ಬೆಳಕಿಗೆ ಹಿಡಿದು ತೋರಿಸುತ್ತಾನೆ.