‘ಕೊಟ್ಟಿ’ ಆದಮೇಲೆ ಏನು? ಕನ್ನಡ ಸುದ್ದಿಮನೆಯಲ್ಲಿ ವಿಸ್ಪರ್

ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್‌ನಲ್ಲಿ ಹನ್ನೊಂದೂವರೆಗೆ ಶುರುವಾದ ಪತ್ರಿಕಾಗೋಷ್ಠಿ ಮುಗಿಯುವಷ್ಟರಲ್ಲಿ ವೆಬ್ ಡೆಸ್ಕ್‌ನಿಂದ ‘ಕಾಪಿ ಎಲ್ಲಿ’ ಎಂದು ಎರಡು ಸಲ ಫೋನ್ ಬಂದಿರುತ್ತದೆ. ಮೇಜಿನ ಮೇಲಿಟ್ಟ ಮೊಬೈಲ್‌ನಲ್ಲಿ 40 ನಿಮಿಷದ ಆಡಿಯೊ ಇದೆ. ನಿಲ್ಲಿಸಿ ನಿಲ್ಲಿಸಿ ಕೇಳಿ ಬರೆದುಕೊಳ್ಳಲು ಎರಡು ಗಂಟೆಯಾದರೂ ಬೇಕು. ಆ ಎರಡು ಗಂಟೆಯನ್ನು ಉಳಿಸಿಕೊಡುವ ಸಲಕರಣೆಗಳಲ್ಲಿ ವರದಿಗಾರರ ಲ್ಯಾಪ್‌ಟಾಪ್‌ಗೆ ಸುಲಭವಾಗಿ ಬಂದು ಕೂರುವುದು ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐನ ವಿಸ್ಪರ್. ಮಾತನ್ನು ಅಕ್ಷರಕ್ಕಿಳಿಸುವ ಈ ತಂತ್ರಾಂಶ 2022ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಎಂಐಟಿ ಎಂಬ ಮುಕ್ತ ಪರವಾನಗಿಯಲ್ಲಿ ಸಿಗುವುದರಿಂದ ದುಡ್ಡು ಕೊಡಬೇಕಿಲ್ಲ. ಅದಕ್ಕೆ ಗೊತ್ತಿರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಅದು ಬರೆದುಕೊಟ್ಟ ಸಾಲನ್ನು ಒಬ್ಬ ಮನುಷ್ಯನ ಹೆಸರಿನ ಪಕ್ಕ ಉದ್ಧರಣ ಚಿಹ್ನೆಯೊಳಗೆ ಹಾಗೇ ಹಾಕಬಹುದೇ ಎಂಬುದು ಇಲ್ಲಿ ನೋಡಬೇಕಾದ ವಿಷಯ. ಹಾಕಬಾರದು. ಆದರೂ ಈ ತಂತ್ರಾಂಶವನ್ನು ಪ್ರತಿ ಕನ್ನಡ ಡೆಸ್ಕೂ ಇಟ್ಟುಕೊಳ್ಳಬೇಕು. ಯಾರು ಏನು ಹೇಳಿದರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಬಂತು ಎಂದು ತೋರಿಸುವ ಪರಿವಿಡಿಯಾಗಿ ಮಾತ್ರ ಬಹಳ ಒಳ್ಳೆಯದು.

ಮೊದಲು ಸಿದ್ಧತೆ. ವಿಸ್ಪರ್‌ನ ಮಾದರಿಗಳು, ಅಂದರೆ ಬೇರೆ ಬೇರೆ ಗಾತ್ರದ ರೂಪಗಳು, ಟೈನಿಯಿಂದ ಲಾರ್ಜ್‌ವರೆಗೆ ಇವೆ. ಕನ್ನಡಕ್ಕೆ ಚಿಕ್ಕವನ್ನು ಇಳಿಸಿಕೊಂಡು ಸಮಯ ಹಾಳು ಮಾಡಬೇಡಿ. 24.4 ಕೋಟಿ ಪ್ಯಾರಾಮೀಟರ್‌ನ (ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳು) ಸ್ಮಾಲ್ ಮಾದರಿ ಇಂಗ್ಲಿಷಿಗೆ ಸಾಕಾಗಬಹುದು, ಕನ್ನಡದಲ್ಲಿ ಪದಗಳನ್ನೇ ಕಟ್ಟಲಾರದು. 155 ಕೋಟಿಯ ಲಾರ್ಜ್ ಬೇಕು. ಅದಕ್ಕೆ ಸುಮಾರು 10 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು. ಅಷ್ಟಿಲ್ಲದವರು ಫಾಸ್ಟರ್-ವಿಸ್ಪರ್ ಅಥವಾ ವಿಸ್ಪರ್-ಸಿಪಿಪಿ ಎಂಬ ಹಗುರ ರೂಪಗಳನ್ನು ಬಳಸಬಹುದು, ನಿಧಾನವಾದರೂ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತವೆ. ವಾಟ್ಸ್‌ಆ್ಯಪ್ ವಾಯ್ಸ್ ನೋಟ್ ಓಪಸ್ ಫೈಲಾಗಿ ಬರುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಫೈಲ್ ಬದಲಿಸುವ ತಂತ್ರಾಂಶದಲ್ಲಿ 16 ಕಿಲೋಹರ್ಟ್ಸ್, ಒಂದೇ ಚಾನೆಲ್‌ಗೆ ಬದಲಿಸಿಟ್ಟುಕೊಂಡರೆ ಮುಂದಿನ ಕೆಲಸ ಸಲೀಸು. ಭಾಷೆ ಕನ್ನಡ ಎಂದು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಮೊದಲ 30 ಸೆಕೆಂಡು ಕೇಳಿ ತಾನೇ ಊಹಿಸುತ್ತದೆ, ಮತ್ತು ಬೆಂಗಳೂರಿನ ಪ್ರೆಸ್ ಮೀಟ್‌ಗಳ ಮೊದಲ 30 ಸೆಕೆಂಡಿನಲ್ಲಿ ಇಂಗ್ಲಿಷ್ ಸ್ವಾಗತ ಇಲ್ಲದಿರುವುದೇ ಅಪರೂಪ. ಹಿಂದಿನ ತುಣುಕಿನ ಪಠ್ಯವನ್ನು ಮುಂದಿನದಕ್ಕೆ ಆಧಾರ ಮಾಡಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಇಲ್ಲವಾದರೆ ಒಂದೇ ಸಾಲನ್ನು ಹತ್ತು ಸಲ ಬರೆಯುತ್ತಾ ಕೂರುವ ಚಾಳಿ ಅದಕ್ಕಿದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಕನ್ನಡದಲ್ಲಿ ದೊಡ್ಡ ಅಪಾಯವೊಂದು ಉಳಿಯುತ್ತದೆ, ಅದು ವಾಕ್ಯದ ಬಾಲದಲ್ಲಿದೆ. ಇಂಗ್ಲಿಷಿನಲ್ಲಿ ನಿಷೇಧ ಕ್ರಿಯಾಪದಕ್ಕಿಂತ ಮೊದಲೇ ಬಂದುಬಿಡುತ್ತದೆ. ನಮ್ಮಲ್ಲಿ ಅದು ಕಟ್ಟಕಡೆಗೆ. ‘ನಾವು ಆ ಕಂಪನಿಗೆ ಜಾಗ ಕೊಟ್ಟಿ’ ಎಂಬಲ್ಲಿಯವರೆಗೆ ಮಂತ್ರಿ ಒಪ್ಪಿಕೊಂಡರೋ ಅಲ್ಲಗಳೆದರೋ ಯಾರಿಗೂ ತಿಳಿಯದು. ‘ದ್ದೇವೆ’ ಬಂದರೆ ಒಂದು ಸುದ್ದಿ, ‘ಲ್ಲ’ ಬಂದರೆ ಅದರ ತದ್ವಿರುದ್ಧ ಸುದ್ದಿ. ‘ಬರಲ್ಲ’ಕ್ಕೂ ‘ಬರಲಿ’ಗೂ, ‘ಮಾಡ್ಬೇಡಿ’ಗೂ ‘ಮಾಡ್ಬೇಕು’ವಿಗೂ ನಡುವಿನ ಅಂತರ ಎಷ್ಟೆಂದು ಗದ್ದಲದ ಸಭಾಂಗಣದಲ್ಲಿ ಕೂತು ಕೇಳಿಸಿಕೊಂಡವರಿಗೆ ಗೊತ್ತು. ಮಾತಾಡುವವರ ದನಿಯೂ ವಾಕ್ಯದ ಕೊನೆಗೇ ತಗ್ಗುವುದು.

ವಿಸ್ಪರ್‌ನ ಒಳರಚನೆಯೂ ಇದೇ ಜಾಗದಲ್ಲಿ ಕೈಕೊಡುತ್ತದೆ. ಅದು ಆಡಿಯೊವನ್ನು 30 ಸೆಕೆಂಡಿನ ಕಿಟಕಿಯಲ್ಲಿ ನೋಡುತ್ತದೆ, ಮತ್ತು ಮೂಲ ಆವೃತ್ತಿಯಲ್ಲಿ ಒಂದು ಕಿಟಕಿಗೆ 224 ಟೋಕನ್‌ಗಳಷ್ಟೇ (ಪದ ಅಥವಾ ಪದದ ಚೂರು) ಬರೆಯುತ್ತದೆ. ಇಂಗ್ಲಿಷಿಗೆ ಇದು ಧಾರಾಳ. ಕನ್ನಡದ ಒಂದೊಂದು ಚಿಹ್ನೆಯೂ ಕಂಪ್ಯೂಟರ್ ಅಕ್ಷರಗಳನ್ನು ಶೇಖರಿಸುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್. ‘ಕೊಟ್ಟಿಲ್ಲ’ ಎಂಬ ಪುಟ್ಟ ಪದದಲ್ಲಿ 9 ಚಿಹ್ನೆಗಳಿವೆ, ಅಂದರೆ 27 ಬೈಟ್. ವಿಸ್ಪರ್‌ನ ಟೋಕನ್ ಪಟ್ಟಿ ಕನ್ನಡವನ್ನು ಪದವಾಗಿ ಗುರುತಿಸದೆ ಬೈಟುಗಳ ಚೂರುಗಳಾಗಿ ನೋಡುವುದರಿಂದ ಒಂದೊಂದು ಪದಕ್ಕೂ ಹಲವು ಟೋಕನ್ ಖರ್ಚಾಗುತ್ತವೆ. ವೇಗವಾಗಿ ಮಾತಾಡುವವರು ಸಿಕ್ಕರೆ 30 ಸೆಕೆಂಡು ಮುಗಿಯುವ ಮುನ್ನವೇ ಕೋಟಾ ಮುಗಿದು ಸಾಲು ಅರ್ಧಕ್ಕೆ ತುಂಡಾಗುತ್ತದೆ. ತುಂಡಾಗುವುದು ಕೊನೆ. ‘ಇಲ್ಲ’ ಇರುವುದೂ ಕೊನೆಯಲ್ಲೇ.

ಹಾಗೆ ತುಂಡಾದ ಸಾಲು ಡೆಸ್ಕ್‌ಗೆ ‘ಕೊಟ್ಟಿ’ ಎಂದೇ ಬಂದರೆ ಉಪಸಂಪಾದಕರಿಗೆ ಅನುಮಾನ ಬರುತ್ತದೆ, ಕೇಳುತ್ತಾರೆ. ಅದನ್ನು ಅಂದಗೊಳಿಸಲು ಯಾವುದಾದರೂ ಚಾಟ್‌ಬಾಟ್‌ಗೆ ಕೊಟ್ಟಾಗಲೇ ನಿಜವಾದ ಹಾನಿ. ಚಾಟ್‌ಬಾಟ್ ಅಪೂರ್ಣ ವಾಕ್ಯವನ್ನು ಬಿಡುವುದಿಲ್ಲ, ಸುಲಭವಾಗಿ ಹೊಂದುವ ಬಾಲವನ್ನು ಅಂಟಿಸಿ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ‘ಕೊಟ್ಟಿದ್ದೇವೆ’ ಎಂದು ಬರೆದುಕೊಡುತ್ತದೆ. ತಪ್ಪು ಹರಕುಮುರುಕಾಗಿದ್ದರೆ ಕಣ್ಣಿಗೆ ಬೀಳುತ್ತದೆ. ಇಸ್ತ್ರಿ ಮಾಡಿದ ತಪ್ಪು ಯಾರ ಕಣ್ಣಿಗೂ ಬೀಳದೆ ಪುಟ ಸೇರುತ್ತದೆ.

ಪರಿಹಾರ ಇದೆ, ಕಷ್ಟವೂ ಅಲ್ಲ. ಫಾಸ್ಟರ್-ವಿಸ್ಪರ್‌ನಲ್ಲಿ ಮೌನ ಪತ್ತೆಹಚ್ಚುವ ಫಿಲ್ಟರ್ ಇದೆ. ಅದನ್ನು ಆನ್ ಮಾಡಿ, ತುಣುಕುಗಳು 10ರಿಂದ 15 ಸೆಕೆಂಡು ಮೀರದಂತೆ ಮಾತಿನ ನಡುವಿನ ನಿಲುಗಡೆಯಲ್ಲೇ ಕತ್ತರಿಸಿ. ಫಲಿತಾಂಶವನ್ನು ಬರಿಯ ಪಠ್ಯವಾಗಿ ತೆಗೆಯದೆ ಸಬ್‌ಟೈಟಲ್‌ಗೆ ಬಳಸುವ ಎಸ್‌ಆರ್‌ಟಿ ಫೈಲಾಗಿ, ಸಮಯದ ಗುರುತಿನ ಸಮೇತ ತೆಗೆಯಿರಿ. ಕ್ರಿಯಾಪದ ಪೂರ್ಣವಾಗದೆ ನಿಂತ ಸಾಲುಗಳನ್ನೆಲ್ಲ ಹಳದಿ ಮಾಡಿ. ಯಾವುದೇ ಅಂದಗೊಳಿಸುವ ಕೆಲಸಕ್ಕೆ ಮೊದಲು ಅವನ್ನು ಕಿವಿಯಿಂದಲೇ ಸರಿಪಡಿಸಬೇಕು.

ಇನ್ನೊಂದು ಬಾಲ ‘ಅಂತೆ’. ಕೇಳಿದ್ದನ್ನು ಕಂಡದ್ದರಿಂದ ಬೇರೆ ಮಾಡಲು ಇಂಗ್ಲಿಷ್ ಪತ್ರಕರ್ತರು ಒಂದು ಇಡೀ ಪದಗುಚ್ಛ ಸೇರಿಸಬೇಕು, ನಮಗೆ ಒಂದು ಪ್ರತ್ಯಯ ಸಾಕು. ‘ಟೆಂಡರ್ ಅವರ ಭಾವಮೈದುನನಿಗೇ ಆಯ್ತಂತೆ’ ಎಂದು ವಾರ್ಡಿನ ನಿವಾಸಿಯೊಬ್ಬರು ಹೇಳಿದಾಗ ಅವರು ‘ನನಗೆ ಗೊತ್ತಿಲ್ಲ, ಜನ ಹೇಳುತ್ತಿದ್ದಾರೆ’ ಎಂಬುದನ್ನೂ ಅದರೊಳಗೇ ಹೇಳಿದ್ದಾರೆ. ಯಂತ್ರ ‘ಆಯ್ತು’ ಎಂದು ಬರೆದರೆ ವದಂತಿ ಆರೋಪವಾಯಿತು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನ ಮಾನಹಾನಿಯ ಹೊರೆ ಆ ನಿವಾಸಿಯ ತಲೆಗೂ ಪತ್ರಿಕೆಯ ತಲೆಗೂ ಬಂತು. ಸಾರಾಂಶ ಮಾಡುವ ತಂತ್ರಾಂಶಗಳ ಮಟ್ಟಿಗೆ ‘ಅಂತೆ’ ಎಂಬುದು ಕಡಿಮೆ ಮಾಡಬಹುದಾದ ಅಕ್ಷರ. ‘ಹೇಳಿದಂತೆ ಮಾಡಿದರು’ ಎಂಬಲ್ಲಿನ ಅಂತೆಯೊಂದಿಗೆ ಅದು ಕಲಸಿಹೋಗುವುದೂ ಉಂಟು.

‘ಅಂತ’ ಮತ್ತೂ ಸೂಕ್ಷ್ಮ. ಮಾತಿನಲ್ಲಿ ನಾವು ಇನ್ನೊಬ್ಬರ ಮಾತನ್ನು ಅವರ ‘ನಾನು’ ಸಮೇತ ಒಪ್ಪಿಸುತ್ತೇವೆ: ‘ನಾನೇ ಸಹಿ ಹಾಕ್ದೆ ಅಂತ ಎಂಜಿನಿಯರ್ ಹೇಳಿದ್ರು.’ ‘ಅಂತ’ ಬಿದ್ದುಹೋಗಿ ನಡುವೆ ಪೂರ್ಣವಿರಾಮ ಬಂದರೆ ದೂರು ಹೇಳಲು ಬಂದವರೇ ತಪ್ಪೊಪ್ಪಿಕೊಂಡ ಹಾಗಾಗುತ್ತದೆ. ಯಾರು ಮಾತಾಡಿದರು ಎಂದು ವಿಂಗಡಿಸುವ ಶಕ್ತಿ ವಿಸ್ಪರ್‌ಗೆ ಸ್ವತಃ ಇಲ್ಲ, ಪೈಆನೋಟ್‌ನಂಥ ಬೇರೆ ಸಲಕರಣೆ ಜೋಡಿಸಬೇಕು. ಜೋಡಿಸಿದರೂ ಒಂದೇ ಬಾಯಿಂದ ಬಂದ ಎರಡು ‘ನಾನು’ಗಳನ್ನು ಅದು ಬಿಡಿಸಲಾರದು. ಅದು ಕನ್ನಡ ಬಲ್ಲವರ ಕೆಲಸ.

ಇಂಗ್ಲಿಷ್ ಡೆಸ್ಕ್‌ನವರಿಗೆ ಒಂದು ಮಾತು. ವಿಸ್ಪರ್‌ನಲ್ಲಿ ಕನ್ನಡ ಮಾತನ್ನು ನೇರ ಇಂಗ್ಲಿಷ್ ಮಾಡುವ ಆಯ್ಕೆಯೂ ಇದೆ, ಮುಟ್ಟಬೇಡಿ. ‘ಅವರು ತಗೊಂಡ್ರು’ ಎಂದರೆ ಗೌರವದ ಒಬ್ಬರೋ, ನಾಲ್ಕು ಜನರೋ ಎಂಬುದು ಸಂದರ್ಭದಿಂದ ತಿಳಿಯಬೇಕಾದದ್ದು. ಒಬ್ಬ ಅಧಿಕಾರಿಯ ಮೇಲಿನ ಆರೋಪ ಇಡೀ ಕಚೇರಿಯ ಮೇಲೆ ಬೀಳಬಹುದು.

ಅಂಕಿಗಳಲ್ಲಿ ಎಚ್ಚರ ವಹಿಸಬೇಕಾದ ಜಾಗಗಳು ಬೆಂಗಳೂರಿನವರಿಗೆ ಕೇಳಿದ ಕೂಡಲೇ ಹೊಳೆಯುತ್ತವೆ. ‘ಥರ್ಟಿ-ಫಾರ್ಟಿ ಸೈಟು’ ಎಂದರೆ 30 ಅಡಿಗೆ 40 ಅಡಿ, 1200 ಚದರಡಿಯ ಒಂದು ನಿವೇಶನ. ಅದು ‘30-40 ಸೈಟು’ ಎಂದು ಅಚ್ಚಾದರೆ ಒಂದು ನಿವೇಶನ ಪಡೆದವರು ಮೂವತ್ತು ನಲವತ್ತು ನಿವೇಶನ ನುಂಗಿದವರಾಗುತ್ತಾರೆ. ‘ನಾಲ್ಕೈದು ಜನ’ 45 ಆಗದಂತೆ, ‘ಒಂದೂವರೆ ಕೋಟಿ’ಯ ‘ವರೆ’ ಕಳಚಿಹೋಗದಂತೆ, ಎಕರೆ-ಗುಂಟೆಯ ಲೆಕ್ಕದಲ್ಲಿ ಗುಂಟೆ ಬಿಟ್ಟುಹೋಗದಂತೆ ನೋಡಬೇಕು. ಅಂಕಿಯನ್ನು ಆಡಿಯೊದಿಂದಲೂ ಪೂರ್ತಿ ನಂಬದೆ ಕಡತದಿಂದ ತೆಗೆದುಕೊಳ್ಳುವುದೇ ಒಳ್ಳೆಯದು.

ಹೆಸರುಗಳಿಗೆ ಒಂದು ಅನುಕೂಲವಿದೆ: ಕೆಲಸ ಶುರು ಮಾಡುವ ಮುನ್ನ ಸೂಚನಾ ಪಠ್ಯವಾಗಿ ಕೆಲವು ಪದಗಳನ್ನು ಕೊಡಬಹುದು. ಲಾರ್ಜ್‌ನ 2023ರ ಆವೃತ್ತಿಗೆ 2025ರಲ್ಲಿ ಬಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಪರಿಚಯ ಇರಲು ಸಾಧ್ಯವಿಲ್ಲ. ಆದ್ದರಿಂದ ಜಿಬಿಎ, ಬಿಡಿಎ, ಬೆಸ್ಕಾಂ, ಜಲಮಂಡಳಿ, ಆ ದಿನದ ಬಡಾವಣೆಗಳ ಹೆಸರು ಕೊಟ್ಟರೆ ಕಾಗುಣಿತ ಸುಧಾರಿಸುತ್ತದೆ. ಇಲ್ಲಿಯೂ ಮಿತಿ 224 ಟೋಕನ್, ಕನ್ನಡದಲ್ಲಿ ಕೆಲವೇ ಪದ. ಆದರೆ ಆರೋಪಿಯ ಹೆಸರನ್ನೋ ನೀವು ಅನುಮಾನಿಸುತ್ತಿರುವ ಗುತ್ತಿಗೆದಾರರ ಹೆಸರನ್ನೋ ಆ ಪಟ್ಟಿಗೆ ಸೇರಿಸಲೇಬೇಡಿ. ಸೂಚನೆಯಲ್ಲಿರುವ ಪದದ ಕಡೆಗೆ ಯಂತ್ರ ವಾಲುತ್ತದೆ. ಅಸ್ಪಷ್ಟವಾಗಿ ಕೇಳಿಸಿದ ಕಡೆ ಆ ಹೆಸರೇ ಬರಬಹುದು, ಆಗ ನೀವು ಹೇಳಿಕೊಟ್ಟ ಸಾಕ್ಷ್ಯವನ್ನೇ ನೀವು ಓದುತ್ತಿರುತ್ತೀರಿ.

ಮೌನವನ್ನೂ ಅದು ಸುಮ್ಮನೆ ಬಿಡುವುದಿಲ್ಲ, ಮಾತಿಲ್ಲದ ಕಡೆ ವಾಕ್ಯ ಹೆಣೆಯುವುದುಂಟು. ಇಂಗ್ಲಿಷ್ ಆಡಿಯೊ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಶೇ 1ರಷ್ಟು ತುಣುಕುಗಳಲ್ಲಿ ಯಾರೂ ಆಡದ ಇಡೀ ಪದಗುಚ್ಛಗಳು ಅಥವಾ ವಾಕ್ಯಗಳು ಕಂಡುಬಂದವು. ಮಾತಿನ ನಡುವೆ ದೀರ್ಘ ಮೌನ ಇರುವವರ ಆಡಿಯೊದಲ್ಲಿ ಹೀಗಾಗುವುದು ಹೆಚ್ಚು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮಾತು ಹಾಗೇ ಇರುತ್ತದೆ. ಅಂಥ ಆಡಿಯೊವನ್ನು ಯಂತ್ರಕ್ಕೆ ಕೊಡುವುದೇ ತಪ್ಪು, ಕೂತು ಕೇಳಬೇಕು.

ವಿಸ್ಪರ್‌ನ ಮೂಲ ಆವೃತ್ತಿಯ ತರಬೇತಿಗೆ ಬಳಸಿದ ಒಟ್ಟು 6.8 ಲಕ್ಷ ಗಂಟೆಯ ಆಡಿಯೊದಲ್ಲಿ ಇಂಗ್ಲಿಷೇತರ 96 ಭಾಷೆಗಳ ಮಾತನ್ನು ಅಕ್ಷರಕ್ಕಿಳಿಸಲು ಸೇರಿ ಸಿಕ್ಕಿದ್ದು 1.17 ಲಕ್ಷ ಗಂಟೆ, ಅದರಲ್ಲಿ ಕನ್ನಡದ ಪಾಲು ತೀರ ಸಣ್ಣದು. ಆದ್ದರಿಂದ ಪರ್ಯಾಯವನ್ನೂ ನೋಡಿ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಇಂಡಿಕ್‌ಕನ್‌ಫಾರ್ಮರ್ ನಮ್ಮ 22 ಭಾಷೆಗಳಿಗೆಂದೇ ಮಾಡಿದ್ದು. ಡೆಸ್ಕ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರೊಬ್ಬರು ಇದ್ದರೆ ಎರಡನ್ನೂ ಓಡಿಸಿ, ಎರಡೂ ಒಪ್ಪದ ಸಾಲುಗಳನ್ನು ಮೊದಲು ಕೇಳಿ. ಗೂಗಲ್ 2017ರಲ್ಲಿ ಕನ್ನಡಕ್ಕೆ ತಂದ ಧ್ವನಿ ಟೈಪಿಂಗ್ ವರದಿಗಾರರು ತಮ್ಮ ಕಾಪಿಯನ್ನು ತಾವೇ ಹೇಳಿ ಬರೆಸಲು ಚೆನ್ನ, ಗೋಷ್ಠಿಯ ಆಡಿಯೊಗೆ ಅಲ್ಲ.

ವಿಸ್ಪರ್‌ನ ನಿಜವಾದ ಹೆಚ್ಚುಗಾರಿಕೆ ನಿಖರತೆಯಲ್ಲಿಲ್ಲ. ಸುಮಾರು 3 ಜಿಬಿಯ ಮಾದರಿಯನ್ನು ಒಮ್ಮೆ ಇಳಿಸಿಕೊಂಡರೆ ವೈಫೈ ಆಫ್ ಮಾಡಿಯೂ ಓಡುತ್ತದೆ, ಅದರಲ್ಲಿದೆ. ಓಪನ್‌ಎಐನ ಕ್ಲೌಡ್ ಸೇವೆಯನ್ನು ನಿಮಿಷಕ್ಕೆ 0.006 ಡಾಲರ್ ದರದಲ್ಲಿ ಕೊಡಲಾಗಿದೆ, ಒಂದು ಫೈಲಿಗೆ 25 ಎಂಬಿ ಮಿತಿ. ಅಗ್ಗವೇ. ಆದರೆ ಆಡಿಯೊ ನಿಮ್ಮ ಕೈಬಿಟ್ಟು ಹೋಗುತ್ತದೆ. ಹೆಸರು ಹೇಳಬೇಡಿ ಎಂದು ಮಾತಾಡಿದ ಸರ್ಕಾರಿ ನೌಕರರ ದನಿಯೇ ಅವರ ಹೆಸರು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಸಂತ್ರಸ್ತ ಮಗುವಿನ ಹೆಸರು, ವಿಳಾಸ, ಶಾಲೆ, ನೆರೆಹೊರೆಯ ಗುರುತನ್ನು ಮಾಧ್ಯಮ ಬಯಲು ಮಾಡುವುದನ್ನು ತಡೆಯುತ್ತದೆ. ಪೋಷಕರ ಸಂದರ್ಶನದಲ್ಲಿ ಆ ವಿವರಗಳೆಲ್ಲ ಇರುತ್ತವೆ. ಅವು ಹೊರಗಿನ ಸರ್ವರ್‌ಗೆ ಹೋಗಬಾರದು, ಆಫೀಸಿನ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಪತ್ರಿಕೋದ್ಯಮಕ್ಕೆಂದು ಪ್ರತ್ಯೇಕ ವಿನಾಯಿತಿ ಇಲ್ಲ ಎಂಬುದೂ ನೆನಪಿರಲಿ. ಎದುರಿನವರಿಗೆ ತಿಳಿಸದೆ ಅಥವಾ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಸಂಭಾಷಣೆ ರೆಕಾರ್ಡ್ ಮಾಡಬಾರದು ಎಂಬ ಭಾರತೀಯ ಪತ್ರಿಕಾ ಮಂಡಳಿಯ ನಿಯಮ ಟೇಪ್ ರೆಕಾರ್ಡರ್ ಕಾಲದ್ದೇ ಆದರೂ ಇಂದಿಗೂ ನಿಲ್ಲುತ್ತದೆ. ಜೊತೆಗೆ ‘ಇದನ್ನು ತಂತ್ರಾಂಶದಿಂದ ಬರೆಸುತ್ತೇವೆ’ ಎಂದೂ ಎದುರಿನವರಿಗೆ ಹೇಳಿಬಿಡಿ.

ಬಳಕೆಯ ಕ್ರಮ ಹೀಗಿದ್ದರೆ ಸಾಕು. ಕಾಪಿಯ ಪ್ರತಿ ಉದ್ಧರಣೆಯ ಮುಂದೆ ಆಡಿಯೊದ ನಿಮಿಷ-ಸೆಕೆಂಡು ಬರೆಯಿರಿ. ಅದಕ್ಕೆ 10 ಸೆಕೆಂಡು ಮೊದಲಿನಿಂದ 10 ಸೆಕೆಂಡು ನಂತರದವರೆಗೆ ಹೆಡ್‌ಫೋನ್‌ನಲ್ಲಿ ಕೇಳಿ. ಒಂದು ವರದಿಯಲ್ಲಿ ಐದಾರು ಉದ್ಧರಣೆ ಇದ್ದರೆ ಒಂದೊಂದನ್ನು ಎರಡು ಸಲ ಕೇಳಿದರೂ ಹತ್ತು ನಿಮಿಷ ಆಗದು. ಎರಡು ಗಂಟೆಯ ಜಾಗದಲ್ಲಿ ಹತ್ತು ನಿಮಿಷ! ಆ ಹತ್ತು ನಿಮಿಷವನ್ನೂ ಉಳಿಸಲು ಹೊರಟ ಸಂಪಾದಕರು ತಮ್ಮ ವರದಿಗಾರರಿಗೆ ಅನ್ಯಾಯ ಮಾಡುತ್ತಾರೆ. ಬೈಲೈನ್ ಇರುವುದು ವರದಿಗಾರರದು, ಯಂತ್ರದ್ದಲ್ಲ. ತಪ್ಪು ಅಚ್ಚಾದರೆ ತಿದ್ದುಪಡಿಯಲ್ಲಿ ‘ತಾಂತ್ರಿಕ ದೋಷ’ ಎಂದು ಬರೆಯಬೇಡಿ. ‘ಇಲ್ಲ ಎಂದದ್ದನ್ನು ಹೌದು ಎಂದು ಪ್ರಕಟಿಸಿದ್ದೆವು, ಆಡಿಯೊ ಪರಿಶೀಲಿಸಿರಲಿಲ್ಲ’ ಎಂದು ಬರೆಯಿರಿ, ಮೊದಲ ಸುದ್ದಿ ಇದ್ದ ಜಾಗದಲ್ಲೇ.

ಒಂದು ಕಡೆ ಮಾತ್ರ ಇದನ್ನು ಪೂರ್ತಿ ದೂರವಿಡಿ: ಕರ್ನಾಟಕ ಹೈಕೋರ್ಟ್‌ನ ನೇರ ಪ್ರಸಾರ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಅನುಮತಿಯಿಲ್ಲದೆ ಕಲಾಪವನ್ನು ಮಾಧ್ಯಮಗಳೂ ರೆಕಾರ್ಡ್ ಮಾಡುವಂತಿಲ್ಲ. ಹಾಗಾಗಿ ಪ್ರಸಾರದ ಆಡಿಯೊವನ್ನು ಇಳಿಸಿ ವಿಸ್ಪರ್‌ಗೆ ಕೊಡುವ ಪ್ರಶ್ನೆಯೇ ಬರದು. ವಿಚಾರಣೆ ನೋಡುತ್ತಾ ಕೈಯಲ್ಲಿ ಟಿಪ್ಪಣಿ ಬರೆದುಕೊಳ್ಳಿ, ಆದೇಶದ ಸಾಲುಗಳನ್ನು ನ್ಯಾಯಾಲಯದ ಜಾಲತಾಣದಲ್ಲಿ ಪ್ರಕಟವಾದ ಪ್ರತಿಯಿಂದ ತೆಗೆದುಕೊಳ್ಳಿ.