ಸಾಂಬ್ರಾಣಿ ಅಂತ ತಂದಿದ್ದು ಸಾಂಬ್ರಾಣಿ ಅಲ್ಲ

ಮಗಳ ಬಾಣಂತನಕ್ಕೆ ಬೇಕಲ್ಲ ಅಂತ ಅರ್ಧ ಕೆಜಿ ಸಾಂಬ್ರಾಣಿ ತಂದೆ. ಯಾವಾಗಲೂ ತರುವ ಗ್ರಂಧಿಗೆ ಅಂಗಡಿಯಿಂದ ಅಲ್ಲ, ಜಾತ್ರೆಗೆ ಹೋದಾಗ ದೇವಸ್ಥಾನದ ಬೀದಿಯ ತಳ್ಳುಗಾಡಿಯಿಂದ. ಜೇನಿನ ಬಣ್ಣದ ಗಟ್ಟಿಗಳು, ಗಾಜಿನ ಹಾಗೆ ಹೊಳೀತಿದ್ದವು. "ಅಮ್ಮಾ, ಫಸ್ಟ್ ಕ್ವಾಲಿಟಿ, ಕಸ ಕಡ್ಡಿ ಒಂದೂ ಇಲ್ಲ ನೋಡಿ" ಅಂದ. ಅದಕ್ಕೇ ಮರುಳಾದೆ. ಬರೀ 200 ರೂಪಾಯಿ. ಅಂಗಡಿಯಲ್ಲಿ ನಾನು ಕೊಡುತ್ತಿದ್ದುದರಲ್ಲಿ ಅರ್ಧವೂ ಅಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಮಾರನೇ ದಿನ ಮಗಳಿಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಒಂದು ಚಿಟಿಕೆ ಉದುರಿಸಿ, ಬುಟ್ಟಿ ಬೋರಲು ಹಾಕಿ, ಮೇಲೆ ಅವಳ ಕೂದಲು ಹರವಿದೆ. ಸಾಂಬ್ರಾಣಿ ಹಾಕಿದರೆ ಬಿಳಿ ಹೊಗೆ ಎದ್ದು ಕೋಣೆಯೆಲ್ಲ ಸಿಹಿ ಸಿಹಿ ಘಮ ಬರಬೇಕು. ಇದು ಚುರ್ ಅಂತ ಕರಗಿ, ಎಣ್ಣೆಯ ಹಾಗೆ ಕೆಂಡದ ಸಂದಿಗೆ ಇಳಿಯಿತು. ಆಮೇಲೆ ಕಪ್ಪು ಹೊಗೆ. ವಾಸನೆ ನೋಡಿದರೆ ಹೊಸದಾಗಿ ಪೇಂಟ್ ಹೊಡೆದ ಮನೆ! ಮಗಳು ಕಣ್ಣುಜ್ಜಿಕೊಂಡು ಕೆಮ್ಮುತ್ತಾ ಎದ್ದೇಬಿಟ್ಟಳು. ಅದೇ ಕೋಣೆಯಲ್ಲಿ ತೊಟ್ಟಿಲಲ್ಲಿದ್ದ ಕೂಸು ಎರಡು ಸಲ ಸೀನಿತು. ರಾತ್ರಿ ಹೊತ್ತಿಗೆ ಕೆಮ್ಮು, ಎದೆಯಲ್ಲಿ ಗೊರ ಗೊರ.

ಡಾಕ್ಟರು ಔಷಧಿ ಬರೆಯೋಕೆ ಮೊದಲು ನನಗೆ ಬೈದರು. ಅಸಲಿಯೋ ನಕಲಿಯೋ, ಎಳೆ ಮಗು ಇರುವ ಕೋಣೆಯಲ್ಲಿ ಹೊಗೆ ಹಾಕಲೇಬಾರದು. ಕದ ಮುಚ್ಚಿ ಕೆಂಡ ಇಡೋದಂತೂ ಜೀವಕ್ಕೇ ಅಪಾಯ ಅಂದರು. ನಮ್ಮಮ್ಮ ನನಗೆ ಹಾಗೇ ಮಾಡಿದ್ದು ಅನ್ನೋಣ ಅಂದುಕೊಂಡೆ, ಅವರ ಮುಖ ನೋಡಿ ಸುಮ್ನಾದೆ. ಮಗು ನಾಲ್ಕು ದಿನಕ್ಕೆ ಸರಿಹೋಯಿತು.

ಗುಟ್ಟು ಬಿಟ್ಟುಕೊಟ್ಟಿದ್ದು ಪಕ್ಕದ ಮನೆಯ ಟಿವಿ ರಿಪೇರಿ ರಾಯರು. ಒಂದು ಗಟ್ಟಿ ತಗೊಂಡು ಮೂಸಿ ನಕ್ಕರು. "ಅಮ್ಮಾ, ಇದು ರೋಸಿನ್ನು. ಬೆಸುಗೆ ಹಾಕುವಾಗ ದಿನಾ ಇದಕ್ಕೇ ಅದ್ದೋದು ನಾನು." ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ಎಣ್ಣೆ ಬಟ್ಟಿ ಇಳಿಸಿದ ಮೇಲೆ ಉಳಿಯುವ ಗಟ್ಟಿ ಅದು. ಪಿಟೀಲಿನ ಕಮಾನಿಗೆ ಉಜ್ಜೋದೂ ಅದನ್ನೇ. ಅದರ ಹೊಗೆ ವರ್ಷಗಟ್ಟಲೆ ಕುಡಿದು ಬೆಸುಗೆ ಕೆಲಸದವರಿಗೆ ಉಬ್ಬಸ ಬರೋದುಂಟು. ಅದಕ್ಕೇ ರಾಯರು ಫ್ಯಾನ್ ಹಾಕಿಕೊಂಡು ಕೂರೋದಂತೆ. ನಾನು ಅದನ್ನ ಒಂದು ತಿಂಗಳೂ ತುಂಬದ ಕೂಸಿನ ಮೂಗಿನ ಹತ್ತಿರ ಸುಟ್ಟಿದ್ದೆ.

ಆಮೇಲೆ ಗ್ರಂಧಿಗೆ ಅಂಗಡಿಯ ಹಿರಿಯರ ಹತ್ತಿರ ಅಸಲಿ ಸಾಂಬ್ರಾಣಿ ತಂದು ಪಕ್ಕಪಕ್ಕ ಇಟ್ಟು ನೋಡಿದೆ. ನಮ್ಮಲ್ಲಿಗೆ ಅದು ಜಾಸ್ತಿ ಬರೋದು ಇಂಡೋನೇಷ್ಯಾದ ಸುಮಾತ್ರದಿಂದ. ಮರದ ತೊಗಟೆಗೆ ಕಚ್ಚು ಹಾಕಿದರೆ ಒಸರುವ ಹಾಲು ಗಟ್ಟಿಯಾಗಿದ್ದು. ನೋಡೋಕೆ ಚೆಂದ ಏನಿಲ್ಲ. ಕಂದು, ಬೂದು ಬಣ್ಣದ ಮುದ್ದೆ, ನಡುನಡುವೆ ತೊಗಟೆ ಚೂರು. ಒಡೆದರೆ ಒಳಗೆ ಸಿಪ್ಪೆ ಸುಲಿದ ಬಾದಾಮಿ ಥರದ ಬಿಳಿ ಚೂರುಗಳು. ಬೆಳಕಿಗೆ ಹಿಡಿದರೆ ಆಚೆ ಕಡೆ ಏನೂ ಕಾಣಲ್ಲ. ನನ್ನ ಜಾತ್ರೆ ಮಾಲನ್ನು ಹಿಡಿದರೆ ಕಿಟಕಿಯ ಸರಳು ಕಾಣುತ್ತಿತ್ತು! ಮೂಸಿದರೂ ಗೊತ್ತಾಗುತ್ತೆ. ಅಸಲಿಯಲ್ಲಿ ಸುಡದೆಯೂ ವೆನಿಲ್ಲಾ ಥರ ಒಂದು ಸಣ್ಣ ಸಿಹಿ ಇದೆ. ಪುಡಿ ಮಾಡಿಟ್ಟಿದ್ದನ್ನು ಮಾತ್ರ ತಗೋಬೇಡಿ, ಪುಡಿಯಲ್ಲಿ ಏನು ಬೆರೆಸಿದರೂ ಕಣ್ಣಿಗೆ ಕಾಣಲ್ಲ. ಗಟ್ಟಿಯನ್ನೇ ತಂದು ಮನೇಲಿ ಕುಟ್ಟಿಕೊಳ್ಳಿ.

ಈಗ ಧೂಪ ದೇವರ ಮನೆಗೆ ಮಾತ್ರ, ಅದೂ ಕಿಟಕಿ ತೆಗೆದು. ಮಗಳು ಕೂದಲನ್ನು ಬಿಸಿಲಲ್ಲಿ ಒಣಗಿಸಿಕೊಳ್ಳುತ್ತಾಳೆ. ಉಳಿದ ಗಟ್ಟಿಗಳನ್ನು ರಾಯರಿಗೆ ಕೊಟ್ಟೆ. ಒಂದು ಚೂರನ್ನು ಕಾದ ಬೆಸುಗೆ ಕಡ್ಡಿಗೆ ತಾಗಿಸಿ ನೋಡಿ, "ಮಾಲು ಫಸ್ಟ್ ಕ್ವಾಲಿಟಿ ಅಮ್ಮಾ" ಅಂದರು.